ಹೆಸರಿಲ್ಲದ ಮೃತರ ಋಣ

ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿಯೂ ಸಂಗಮದಲ್ಲಿಯೂ ದಿನ ಬೆಳಗಾದರೆ ಕಾಣುವುದು ಒಂದೇ ನೋಟ. ಅಸ್ಥಿಯ ಕುಡಿಕೆಯನ್ನು ಹಿಡಿದು ದೂರದಿಂದ ಬಂದ ಮಗ, ಎಳ್ಳನ್ನೂ ದರ್ಭೆಯನ್ನೂ ಅಣಿಮಾಡುವ ಪುರೋಹಿತ, ನಡುನೀರಿನಲ್ಲಿ ನಿಂತು ತಂದೆ, ತಾತ, ಮುತ್ತಾತಂದಿರ ಹೆಸರನ್ನು ಹೇಳುವ ಗೃಹಸ್ಥ. ಸತ್ತವನ ಹೆಸರನ್ನು ಹೇಳಬೇಕು, ಗೋತ್ರವನ್ನು ಹೇಳಬೇಕು, ತಿಥಿಯನ್ನು ತಪ್ಪಿಸಬಾರದು. ಇದು ಕನ್ನಡನಾಡಿಗೆ ಯಾರೂ ಹೊಸದಾಗಿ ಕಲಿಸಬೇಕಾದ ಪಾಠವಲ್ಲ. ಮಹಾಲಯದ ಅಮಾವಾಸ್ಯೆಯಂದು ಮಕ್ಕಳಿಲ್ಲದೆ ಬಂಧುಗಳಿಲ್ಲದೆ ಸತ್ತವರಿಗೂ ಒಂದು ಬೊಗಸೆ ನೀರು ಬಿಡುವ ಜನ ಇದು. ಹೀಗೆ ಸತ್ತವರ ವಿಷಯದಲ್ಲಿ ಇಷ್ಟು ಸೂಕ್ಷ್ಮವಾದ ಧರ್ಮವನ್ನು ಬಲ್ಲ ಜನರು, ಅದೇ ದ್ವೀಪದ ಮಣ್ಣಿನಲ್ಲಿ ರಾಶಿರಾಶಿಯಾಗಿ ಮಡಿದವರನ್ನು ಇನ್ನೂರು ವರ್ಷಗಳಿಗೂ ಮೇಲ್ಪಟ್ಟು ಮರೆತು ಕುಳಿತಿರುವುದು ಹೇಗೆ?

೧೭೯೯ನೆಯ ಇಸವಿ ಮೇ ತಿಂಗಳ ೪ನೆಯ ದಿನ ಮಧ್ಯಾಹ್ನ ಜನರಲ್ ಹ್ಯಾರಿಸನ ಸೈನ್ಯವು ಕಾವೇರಿಯನ್ನು ದಾಟಿ ಕೋಟೆಯ ಒಡಕಿನೊಳಗೆ ನುಗ್ಗಿತು. ಸಂಜೆಯ ಹೊತ್ತಿಗೆ ಎಲ್ಲವೂ ಮುಗಿದಿತ್ತು. ಆ ದಿನ ಮಡಿದ ಮೈಸೂರಿನ ಕಡೆಯವರು ಆರು ಸಾವಿರವೆಂದು ಕೆಲವರು, ಅದಕ್ಕಿಂತಲೂ ಬಹಳ ಹೆಚ್ಚೆಂದು ಮತ್ತೆ ಕೆಲವರು ಎಣಿಸಿದ್ದಾರೆ. ಎಣಿಕೆ ಯಾವುದೇ ಆಗಲಿ, ಸಾವಿರಗಳ ಲೆಕ್ಕವೆಂಬುದರಲ್ಲಿ ಸಂದೇಹವಿಲ್ಲ. ಅವರಲ್ಲಿ ಹಿಂದುಗಳಿದ್ದರು, ಮುಸಲ್ಮಾನರಿದ್ದರು. ಸಿಪಾಯಿಗಳಿದ್ದರು, ಬಂಡಿ ಹೊಡೆಯುವವರಿದ್ದರು, ಏನೊಂದೂ ಅರಿಯದ ಊರಿನ ಜನರಿದ್ದರು. ಈಗ ಯಾತ್ರಿಕನು ಆ ದ್ವೀಪವನ್ನು ಸುತ್ತಿ ಬರಲಿ. ಸುಲ್ತಾನನಿಗೆ ಗುಂಬಜ್ ಇದೆ. ಅವನು ಬಿದ್ದ ಸ್ಥಳವನ್ನು ತೋರಿಸುವ ಕಲ್ಲಿದೆ. ೧೭೮೨ರಲ್ಲಿ ಸೆರೆಯಲ್ಲಿ ಸತ್ತ ಕರ್ನಲ್ ಬೈಲಿಗೆ, ಅವನ ಸೋದರನ ಮಗನು ೧೮೧೬ರಲ್ಲಿ ಕಟ್ಟಿಸಿದ ಸ್ಮಾರಕವಿದೆ. ಮುತ್ತಿಗೆಯಲ್ಲಿ ಆಂಗ್ಲರ ಪಕ್ಷದಲ್ಲಿ ಮಡಿದವರಿಗಾಗಿ ೧೯೦೭ರಲ್ಲಿ ಮೈಸೂರು ಸರ್ಕಾರವೇ ನಿಲ್ಲಿಸಿದ ಸ್ತಂಭವಿದೆ. ಆಮೇಲೆ ಇಲ್ಲಿ ಕಾವಲಿದ್ದ ದಂಡಿನ ಯೂರೋಪಿಯನರಿಗೂ ಅವರ ಹೆಂಡಿರು ಮಕ್ಕಳಿಗೂ ಮುನ್ನೂರರಷ್ಟು ಗೋರಿಗಳುಳ್ಳ ರುದ್ರಭೂಮಿಯಿದೆ. ರಾಜನಿಗೆ ಕಲ್ಲು, ಗೆದ್ದವನಿಗೆ ಕಲ್ಲು, ಪರದೇಶಿಯ ಹಸುಗೂಸಿಗೂ ಕಲ್ಲು. ಊರನ್ನು ಕಾಯುತ್ತ ಸತ್ತ ಊರಿನ ಮಗನಿಗೆ ಮಾತ್ರ ಯಾತ್ರಿಕನ ಹಾದಿಯಲ್ಲಿ ಒಂದು ಕಲ್ಲೂ ಎದುರಾಗುವುದಿಲ್ಲ.

ಪರದೇಶಿಗಳು ತಮ್ಮವರನ್ನು ನೆನೆದದ್ದು ತಪ್ಪಲ್ಲ. ಅದು ಅವರ ಗುಣ. ಮರೆತವರದು ತಪ್ಪು. ಅದಕ್ಕಿಂತಲೂ ಹೆಚ್ಚಿನ ತಪ್ಪೊಂದಿದೆ. ವರ್ಷಕ್ಕೊಮ್ಮೆ ಈ ಮೃತರ ಹೆಸರು ಸಭೆಗಳಲ್ಲಿ ಏಳುತ್ತದೆ. ಆದರೆ ಎಳ್ಳುನೀರಿಗಾಗಿ ಅಲ್ಲ, ಜಗಳಕ್ಕಾಗಿ. ೨೦೧೫ನೆಯ ನವೆಂಬರಿನಲ್ಲಿ ರಾಜ್ಯ ಸರ್ಕಾರವು ಟಿಪ್ಪುವಿನ ಜಯಂತಿಯನ್ನು ಆಚರಿಸತೊಡಗಿತು. ಮಡಿಕೇರಿಯಲ್ಲಿ ಗಲಭೆಯಾಗಿ ಪ್ರಾಣಗಳು ಹೋದವು. ೨೦೧೯ರಲ್ಲಿ ಇನ್ನೊಂದು ಸರ್ಕಾರವು ಆ ಆಚರಣೆಯನ್ನು ನಿಲ್ಲಿಸಿತು. ಅಷ್ಟು ವರ್ಷಗಳ ಆ ವಾದದಲ್ಲಿ ಒಂದು ಪಕ್ಷದವರು ಸುಲ್ತಾನನು ಕೊಂದವರನ್ನು ಎಣಿಸಿದರು, ಮತ್ತೊಂದು ಪಕ್ಷದವರು ಸುಲ್ತಾನನೊಡನೆ ಮಡಿದವರನ್ನು ಎಣಿಸಿದರು. ತಮ್ಮ ಪಕ್ಷಕ್ಕೆ ಒದಗದ ಹೆಣವನ್ನು ಇಬ್ಬರೂ ಕಣ್ಣೆತ್ತಿ ನೋಡಲಿಲ್ಲ. ಮೃತರು ಸಾಕ್ಷಿಗಳಾದರು, ಆಯುಧಗಳಾದರು, ಮನುಷ್ಯರಾಗಲಿಲ್ಲ. ಜಗಳ ಮುಗಿದ ಮೇಲೆ ಅವರಿಗಾಗಿ ಒಂದು ದೀಪವನ್ನು ಹಚ್ಚಿದವರುಂಟೇ?

ಸಾಮೂಹಿಕವಾಗಿ ಕೊಲ್ಲಲ್ಪಟ್ಟವರನ್ನು, ದೇಹವೂ ಸಿಕ್ಕದೆ ಹೆಸರೂ ಉಳಿಯದೆ ಹೋದವರನ್ನು, ಉಳಿದವರು ಹೇಗೆ ನೆನೆಯಬೇಕೆಂಬ ಪ್ರಶ್ನೆಯನ್ನು ಈಚಿನ ಕಾಲದಲ್ಲಿ ಎಲ್ಲರಿಗಿಂತ ಕಠಿನವಾದ ಸ್ಥಿತಿಯಲ್ಲಿ ಎದುರಿಸಿದವರು ಯೂರೋಪಿನ ಯೆಹೂದ್ಯರು. ಅವರ ನಡತೆಯನ್ನು ಅರಿತರೆ ಈ ಜಿಲ್ಲೆಯವರ ಕರ್ತವ್ಯವು ತಾನಾಗಿ ಸ್ಪಷ್ಟವಾಗುತ್ತದೆ. ಆದುದರಿಂದ ವಾಚಕರು ಕೊಂಚ ಹೊತ್ತು ಕಾವೇರಿಯ ತೀರವನ್ನು ಬಿಟ್ಟು ಆ ಕಡೆಗೆ ಗಮನ ಕೊಡಬೇಕು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ನಾಜಿ ಸರ್ಕಾರವು ಸುಮಾರು ಅರುವತ್ತು ಲಕ್ಷ ಯೆಹೂದ್ಯರನ್ನು ಕೊಂದಿತು. ಆಶ್ವಿಟ್ಸಿನಂತಹ ಶಿಬಿರಗಳ ವಿಷಬಾಷ್ಪದ ಕೋಣೆಗಳ ಸಂಗತಿಯನ್ನು ಎಲ್ಲರೂ ಕೇಳಿದ್ದಾರೆ. ಆದರೆ ಅವರಲ್ಲಿ ಹದಿನೈದು ಲಕ್ಷಕ್ಕೂ ಮೇಲ್ಪಟ್ಟವರು ಶಿಬಿರಗಳಲ್ಲಿ ಸಾಯಲಿಲ್ಲ. ತಮ್ಮ ತಮ್ಮ ಊರಿನ ಹೊರಗೆ, ಕಾಡಿನ ಅಂಚಿನಲ್ಲಿ, ಹಳ್ಳದ ದಂಡೆಯಲ್ಲಿ, ಗುಂಡಿನಿಂದ ಸತ್ತು ಒಂದೇ ಗುಂಡಿಯಲ್ಲಿ ಬಿದ್ದರು. ಕೀವ್ ನಗರದ ಹೊರಗಿನ ಬಾಬಿ ಯಾರ್ ಎಂಬ ಕೊರಕಲಿನಲ್ಲಿ ೧೯೪೧ನೆಯ ಸೆಪ್ಟೆಂಬರ್ ೨೯ ಮತ್ತು ೩೦ರ ಎರಡೇ ದಿನಗಳಲ್ಲಿ ೩೩,೭೭೧ ಮಂದಿ ಕೊಲ್ಲಲ್ಪಟ್ಟರೆಂದು ಕೊಂದವರೇ ತಮ್ಮ ವರದಿಯಲ್ಲಿ ಬರೆದಿಟ್ಟರು. ೧೯೪೩ರಲ್ಲಿ ಸೋಲು ಸಮೀಪಿಸಿದಾಗ ಅದೇ ಕೊಲೆಗಾರರು ಸೆರೆಯಾಳುಗಳಿಂದ ಆ ಹೆಣಗಳನ್ನು ಅಗೆಸಿ ತೆಗೆಸಿ ಸುಡಿಸಿದರು. ಕೊಂದದ್ದು ಸಾಲದೆ, ಕೊಂದೆವೆಂಬ ಗುರುತನ್ನೂ ಅಳಿಸಬೇಕೆಂಬುದು ಅವರ ಉದ್ದೇಶ. ಹೀಗಿರಲಾಗಿ ಉಳಿದವರ ಪಾಲಿಗೆ ನೆನಪೆಂಬುದು ಬರಿಯ ಶೋಕವಾಗಿರಲಿಲ್ಲ. ಕೊಲೆಗಾರನ ಕೊನೆಯ ಆಸೆಯನ್ನು ಕೆಡಿಸುವ ಕೆಲಸವೂ ಆಗಿತ್ತು.

ಅವರು ಮಾಡಿದ್ದೇನು? ಜರ್ಮನಿಯ ಬೆರ್ಗೆನ್-ಬೆಲ್ಸೆನ್ ಶಿಬಿರವು ೧೯೪೫ನೆಯ ಏಪ್ರಿಲ್ ೧೫ರಂದು ಆಂಗ್ಲ ಸೈನ್ಯದ ವಶವಾದಾಗ ಅಲ್ಲಿ ಸಾವಿರಾರು ಹೆಣಗಳು ಹೂಳುವವರಿಲ್ಲದೆ ಬಿದ್ದಿದ್ದುವು. ರೋಗದ ಭಯದಿಂದ ಅವುಗಳನ್ನು ದೊಡ್ಡ ಕುಣಿಗಳಲ್ಲಿ ಹೂಳಿದರು. ಯಾರು ಎಲ್ಲಿದ್ದಾರೆಂದು ಹೇಳುವಂತಿರಲಿಲ್ಲ. ಕುಣಿಯ ಮೇಲೆ ಇಷ್ಟು ಸಾವಿರವೆಂಬ ಅಂಕಿಯನ್ನು ಮಾತ್ರ ಬರೆಯಲು ಸಾಧ್ಯವಾಯಿತು. ಬದುಕಿ ಉಳಿದ ಯೆಹೂದ್ಯರು ಇನ್ನೂ ಅಲ್ಲಿಯೇ ಸಮೀಪದಲ್ಲಿ ನಿರಾಶ್ರಿತರಾಗಿದ್ದರು. ಮನೆಯಿಲ್ಲ, ದೇಶವಿಲ್ಲ, ನಾಳೆಯ ಅನ್ನದ ಭರವಸೆಯಿಲ್ಲ. ಆದರೂ ಸರಿಯಾಗಿ ಒಂದು ವರ್ಷ ತುಂಬಿದ ೧೯೪೬ನೆಯ ಏಪ್ರಿಲ್ ೧೫ರಂದು ಆ ಕುಣಿಗಳ ನಡುವೆ ತಮ್ಮದೇ ಒಂದು ಶಿಲಾಸ್ಮಾರಕವನ್ನು ನಿಲ್ಲಿಸಿ ಎಲ್ಲರೂ ಕೂಡಿ ಪ್ರಾರ್ಥಿಸಿದರು. ಸರ್ಕಾರ ಕಟ್ಟಿಸಲಿ, ಹಣ ಒದಗಲಿ, ಕಾಲ ಕೂಡಿಬರಲಿ ಎಂದು ಅವರು ಕಾಯಲಿಲ್ಲ.

ಸೋವಿಯತ್ ರಾಜ್ಯದೊಳಗೆ ಉಳಿದವರ ಕಷ್ಟ ಬೇರೆ. ಅಲ್ಲಿ ಮೃತರನ್ನು ನೆನೆಯಬಹುದಾಗಿತ್ತು. ಆದರೆ ಯೆಹೂದ್ಯರೆಂದು ಹೇಳಕೂಡದಾಗಿತ್ತು. ಸೋವಿಯತ್ ಪ್ರಜೆಗಳೆಂದಷ್ಟೇ ಹೇಳಬೇಕು. ಬಾಬಿ ಯಾರಿನ ಕೊರಕಲಿಗೆ ಇಟ್ಟಿಗೆ ಕಾರ್ಖಾನೆಯ ಕೆಸರನ್ನು ತುಂಬಿ ಮುಚ್ಚಲು ಹೊರಟರು. ೧೯೬೧ರಲ್ಲಿ ಕಟ್ಟೆಯೊಡೆದು ಆ ಕೆಸರು ಊರಿನ ಮೇಲೆ ನುಗ್ಗಿ ಅನೇಕರು ಸತ್ತರು. ೧೯೬೬ರಲ್ಲಿ, ಇಪ್ಪತ್ತೈದು ವರ್ಷ ತುಂಬಿದಾಗ, ಅಪ್ಪಣೆಯಿಲ್ಲದೆ ಜನರು ಅಲ್ಲಿ ಸೇರಿದರು. ವಿಶೇಷವೇನೆಂದರೆ, ಆ ದಿನ ಮಾತನಾಡಿದವರಲ್ಲಿ ವಿಕ್ತೋರ್ ನೆಕ್ರಾಸೋವ್, ಇವಾನ್ ಜ್ಯೂಬಾ ಎಂಬ ಲೇಖಕರಿಬ್ಬರೂ ಯೆಹೂದ್ಯರಲ್ಲ. ನೆರೆಯವನ ಸಾವು ತನ್ನ ಮನೆಯ ಸಾವೆಂದು ತಿಳಿದವರು. ೧೯೭೬ರಲ್ಲಿ ಸರ್ಕಾರವು ಒಂದು ದೊಡ್ಡ ಸ್ಮಾರಕವನ್ನೇನೋ ಕಟ್ಟಿತು, ಆದರೆ ಅದರಲ್ಲಿ ಯೆಹೂದ್ಯ ಶಬ್ದವಿರಲಿಲ್ಲ. ಅವರ ಏಳು ಕವಲಿನ ದೀಪಸ್ತಂಭವು ಅಲ್ಲಿ ನಿಂತದ್ದು ೧೯೯೧ರಲ್ಲಿ, ಸಾವಾಗಿ ಐವತ್ತು ವರ್ಷಗಳ ಮೇಲೆ.

ರೀಗಾ ನಗರದ ಬಳಿಯ ರುಂಬುಲಾ ಕಾಡಿನ ಸಂಗತಿ ಇನ್ನೂ ಮನನೀಯವಾದದ್ದು. ಅಲ್ಲಿ ೧೯೪೧ನೆಯ ನವೆಂಬರ್ ೩೦ ಮತ್ತು ಡಿಸೆಂಬರ್ ೮ರಂದು ಸುಮಾರು ೨೫,೦೦೦ ಮಂದಿ ಹತರಾದರು. ಇಪ್ಪತ್ತು ವರ್ಷಗಳ ಕಾಲ ಆ ಸ್ಥಳ ಪಾಳುಬಿದ್ದಿತ್ತು. ೧೯೬೦ರ ದಶಕದ ಆರಂಭದಲ್ಲಿ ರೀಗಾದ ಯೆಹೂದ್ಯ ಗೃಹಸ್ಥರು ರಜದ ದಿನಗಳಲ್ಲಿ ಸಲಿಕೆಗಳನ್ನು ಹಿಡಿದು ಅಲ್ಲಿಗೆ ಹೋಗತೊಡಗಿದರು. ಮುದುಕರು ಬಂದರು, ಹುಡುಗರು ಬಂದರು. ಕುಸಿದ ಗುಂಡಿಗಳಿಗೆ ಮಣ್ಣು ಹಾಕಿದರು, ಕಳೆ ಕಿತ್ತರು, ಹೂವಿನ ಗಿಡ ನೆಟ್ಟರು. ೧೯೬೪ರಲ್ಲಿ ಒಂದು ಕಲ್ಲನ್ನು ನಿಲ್ಲಿಸಿದರು. ಅದರ ಮೇಲೆ ರಷ್ಯನ್, ಲಾಟ್ವಿಯನ್ ಭಾಷೆಗಳೊಂದಿಗೆ ಮೃತರ ಮನೆಮಾತಾದ ಯಿದ್ದಿಷ್ ಭಾಷೆಯೂ ಇತ್ತು. ಮಿನ್ಸ್ಕ್ ನಗರದಲ್ಲಿಯೂ ಹೀಗೆಯೇ. ಅಲ್ಲಿಯ ಯಾಮ, ಎಂದರೆ ಹಳ್ಳ, ಎಂಬ ಸ್ಥಳದಲ್ಲಿ ೧೯೪೨ನೆಯ ಮಾರ್ಚ್ ೨ರಂದು ಸುಮಾರು ೫,೦೦೦ ಮಂದಿಯನ್ನು ಕೊಂದಿದ್ದರು. ಯುದ್ಧ ಮುಗಿದ ಒಡನೆಯೇ ಅಲ್ಲಿ ಯಿದ್ದಿಷ್ ಬರಹವುಳ್ಳ ಕಲ್ಲನ್ನು ನಿಲ್ಲಿಸಿದರು. ಆ ಬರಹವನ್ನು ರಚಿಸಿದ ಕವಿಯೂ ಕಲ್ಲನ್ನು ಕೆತ್ತಿದ ಕುಶಲಿಯೂ ಆಮೇಲೆ ಬಂಧನಕ್ಕೊಳಗಾದರು. ಕಲ್ಲು ಮಾತ್ರ ಉಳಿಯಿತು. ಸತ್ತವರನ್ನು ಅವರವರ ಹೆಸರಿನಿಂದ, ಅವರವರ ನುಡಿಯಿಂದ ಕರೆಯುವುದಕ್ಕಾಗಿ ಸೆರೆಮನೆಯನ್ನು ಸೇರಿದ ಜನ ಇದ್ದಾರೆ!

ಅವರ ಆಚಾರವೂ ಸರಳವಾದದ್ದು. ಗೋರಿಯ ಮೇಲೆ ಹೂವಿಗೆ ಬದಲು ಒಂದು ಚಿಕ್ಕ ಕಲ್ಲನ್ನಿಡುತ್ತಾರೆ. ಹೂವು ಬಾಡುತ್ತದೆ, ಕಲ್ಲು ಯಾರೋ ಬಂದು ಹೋದರೆಂಬುದನ್ನು ಹೇಳುತ್ತ ನಿಲ್ಲುತ್ತದೆ. ವರ್ಷದ ದಿನದಂದು ಮನೆಯಲ್ಲಿ ಒಂದು ದೀಪವನ್ನು ಅಹೋರಾತ್ರಿ ಉರಿಸುತ್ತಾರೆ. ಕದ್ದಿಷ್ ಎಂಬ ಪ್ರಾರ್ಥನೆಯನ್ನು ಹೇಳುತ್ತಾರೆ. ಅದರಲ್ಲಿ ಸಾವಿನ ಶಬ್ದವೇ ಇಲ್ಲ, ಇರುವುದೆಲ್ಲ ಭಗವಂತನ ಸ್ತುತಿ. ಅದನ್ನು ಒಬ್ಬನೇ ಹೇಳುವಂತಿಲ್ಲ, ಹತ್ತು ಜನ ಕೂಡಿರಬೇಕೆಂಬುದು ವಿಧಿ. ಶೋಕವು ಮನೆಯೊಳಗಿನ ಗುಟ್ಟಲ್ಲ, ಊರಿನ ಹೊಣೆಯೆಂಬ ಅರ್ಥ ಅದರಲ್ಲಡಗಿದೆ. ಇನ್ನು ಗೋರಿಯೇ ಇಲ್ಲದವರಿಗೆ? ನಾಶವಾದ ಊರುಗಳಿಂದ ತಪ್ಪಿಸಿಕೊಂಡು ಬಂದವರು ತಂತಮ್ಮ ಊರಿನ ಹೆಸರಿನಲ್ಲಿ ಒಂದೊಂದು ಸ್ಮರಣಗ್ರಂಥವನ್ನು ಬರೆದರು. ಬೀದಿ ಯಾವುದು, ಬಾವಿ ಎಲ್ಲಿತ್ತು, ರೊಟ್ಟಿ ಮಾರುತ್ತಿದ್ದವನಾರು, ಪಾಠ ಹೇಳುತ್ತಿದ್ದವನಾರು, ಯಾವ ಮನೆಯಲ್ಲಿ ಎಷ್ಟು ಮಕ್ಕಳು ಎಂಬಷ್ಟನ್ನೂ ಬರೆದಿಟ್ಟರು. ಇಂತಹ ಗ್ರಂಥಗಳು ನೂರಾರು ಇವೆ. ಯೆರೂಸಲೇಮಿನಲ್ಲಿ ೧೯೫೩ರಲ್ಲಿ ಸ್ಥಾಪಿತವಾದ ಯಾದ್ ವಾಷೆಮ್ ಎಂಬ ಸಂಸ್ಥೆಯು ಒಬ್ಬೊಬ್ಬ ಮೃತನಿಗೂ ಒಂದೊಂದು ಸಾಕ್ಷ್ಯಪತ್ರವನ್ನು ತುಂಬಿಸಿಕೊಳ್ಳುತ್ತ ನಲವತ್ತು ಲಕ್ಷಕ್ಕೂ ಮೀರಿದ ಹೆಸರುಗಳನ್ನು ಕೂಡಿಹಾಕಿದೆ. ಅರುವತ್ತು ಲಕ್ಷವೆಂಬುದು ಒಂದು ಅಂಕಿಯಲ್ಲ. ಒಬ್ಬ, ಮತ್ತೊಬ್ಬ, ಮತ್ತೊಬ್ಬ ಎಂದು ಅರುವತ್ತು ಲಕ್ಷ ಸಲ ಹೇಳಬೇಕಾದ ಮಾತೆಂದು ಅವರು ಬಗೆದರು.

ಇಲ್ಲಿ ಒಂದು ಆಕ್ಷೇಪಣೆ ನ್ಯಾಯವಾಗಿಯೇ ಬರುತ್ತದೆ. ನಾಜಿಗಳ ಕೃತ್ಯವೆಲ್ಲಿ, ಹದಿನೆಂಟನೆಯ ಶತಮಾನದ ದಂಡಯಾತ್ರೆಗಳೆಲ್ಲಿ? ಒಂದು ಜನಾಂಗವನ್ನು ಭೂಮಿಯ ಮೇಲಿನಿಂದ ಇಲ್ಲವಾಗಿಸಬೇಕೆಂದು ಕಾರ್ಯಾಲಯಗಳಲ್ಲಿ ಕುಳಿತು ಲೆಕ್ಕ ಹಾಕಿ ಮಾಡಿದ ಕೊಲೆಗೂ, ಮುತ್ತಿಗೆ, ಸೆರೆ, ಲೂಟಿಗಳಲ್ಲಾದ ಸಾವುಗಳಿಗೂ ಸಮಾನತೆಯಿಲ್ಲ. ಈ ಮಾತನ್ನು ಸಂಪೂರ್ಣವಾಗಿ ಒಪ್ಪಬೇಕು. ಆ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವವನು ಯೆಹೂದ್ಯರಿಗೂ ಅನ್ಯಾಯ ಮಾಡುತ್ತಾನೆ, ಕನ್ನಡಿಗರಿಗೂ ಅನ್ಯಾಯ ಮಾಡುತ್ತಾನೆ. ಹೋಲಿಸಬೇಕಾದದ್ದು ಸಾವನ್ನಲ್ಲ, ಸಾವಿನ ತರುವಾಯದ ನಡತೆಯನ್ನು. ಅಷ್ಟು ದೊಡ್ಡ ವಿಪತ್ತಿನಲ್ಲಿ ಸರ್ವಸ್ವವನ್ನೂ ಕಳೆದುಕೊಂಡವರು ಸ್ಥಳವನ್ನು ಗುರುತಿಸಿದರು, ದಿನವನ್ನು ಕಾಪಾಡಿದರು, ಹೆಸರನ್ನು ಬರೆದಿಟ್ಟರು. ಮನೆಮಠಗಳೊಡನೆ ಸುಖವಾಗಿರುವವರು ಇದರಲ್ಲಿ ಒಂದನ್ನಾದರೂ ಮಾಡಲಾರರೇ?

ಅಷ್ಟೇ ಅಲ್ಲ. ಈ ವಿದ್ಯೆಯನ್ನು ಹೊರಗಿನಿಂದ ತರಬೇಕಾಗಿಯೂ ಇಲ್ಲ. ಇದು ಈ ನೆಲದ ಸ್ವಂತ ವಿದ್ಯೆ. ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಯಾವ ಹಳ್ಳಿಗೆ ಹೋದರೂ ಕೆರೆಯ ಏರಿಯ ಮೇಲೋ ಈಶ್ವರನ ಗುಡಿಯ ಮುಂದೋ ವೀರಗಲ್ಲುಗಳು ಕಾಣುತ್ತವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ದೇವಕನ್ಯೆಯರು, ಮೇಲೆ ದೇವರ ಸನ್ನಿಧಿ. ತುರುಗಳನ್ನು ಹಿಡಿದೊಯ್ಯುವಾಗ ಅಡ್ಡಗಟ್ಟಿ ಸತ್ತವನು, ಊರಳಿವಿನಲ್ಲಿ ಬಿದ್ದವನು, ಹೆಣ್ಣಿನ ಮಾನವನ್ನು ಕಾಯ್ದು ಮಡಿದವನು. ಇವರು ರಾಜರಲ್ಲ, ದಂಡನಾಯಕರಲ್ಲ. ಬಹುಪಾಲು ಊರಿನ ಒಕ್ಕಲುಮಕ್ಕಳು. ಆದರೂ ಇಂಥವನ ಮಗ ಇಂಥವನು ಇಂಥ ದಿನ ಇಂಥ ಕಾರಣಕ್ಕೆ ಸತ್ತನೆಂದು ಕಲ್ಲಿನಲ್ಲಿ ಬರೆಸಿದರು. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳನ್ನು ತೆರೆದವರಿಗೆ ಈ ನಾಲ್ಕೂ ತಾಲ್ಲೂಕುಗಳ ಇಂತಹ ಹೆಸರುಗಳು ಹೇರಳವಾಗಿ ಸಿಕ್ಕುತ್ತವೆ. ಇದೇ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸುಮಾರು ೯೫೦ನೆಯ ಇಸವಿಯಲ್ಲಿ ಮಣಲೇರನೆಂಬ ವೀರನು, ಹಂದಿಯೊಡನೆ ಹೋರಾಡಿ ಸತ್ತ ಕಾಳಿಯೆಂಬ ತನ್ನ ನಾಯಿಗೆ ಕಲ್ಲನ್ನು ನೆಡಿಸಿ, ಭೂಮಿಯನ್ನು ಬಿಡಿಸಿ, ಆ ಕಲ್ಲಿಗೆ ಪೂಜೆ ತಪ್ಪಬಾರದೆಂದು ಕಟ್ಟಳೆಯನ್ನೂ ಬರೆಸಿದನು. ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಸಾವಿರ ವರ್ಷಗಳ ಹಿಂದೆ ಒಂದು ನಾಯಿಯ ನಿಷ್ಠೆಗೆ ಸಂದ ಗೌರವವು ೧೭೯೯ರ ಸಾವಿರಾರು ಮನುಷ್ಯರಿಗೆ ಸಲ್ಲಲಿಲ್ಲ. ಇದಕ್ಕಿಂತ ಕಟುವಾದ ಮಾತು ಬೇರೆ ಬೇಕೇ?

ಆ ವಿದ್ಯೆ ಹೋದ ಕಾಲದಲ್ಲಿಯೇ ಸಾವು ಹೆಚ್ಚಿತೆಂಬುದು ವಿಷಾದದ ಸಂಗತಿ. ೧೭೭೧ರಲ್ಲಿ, ಈಗಿನ ಪಾಂಡವಪುರ ತಾಲ್ಲೂಕಿನ ಚಿನಕುರಳಿಯ ಬಳಿ, ಮೇಲುಕೋಟೆಯಿಂದ ಹಿಮ್ಮೆಟ್ಟುತ್ತಿದ್ದ ಹೈದರಾಲಿಯ ಸೈನ್ಯವನ್ನು ಮರಾಠರು ಕಡಿದು ಚೆಲ್ಲಿದರು, ಮೇಲುಕೋಟೆಯೂ ಲೂಟಿಯಾಯಿತು. ಇಪ್ಪತ್ತು ವರ್ಷಗಳ ಮೇಲೆ ಮತ್ತೆ ಬಂದ ಮರಾಠರ ದಂಡಿನಿಂದ ನಾಗಮಂಗಲವು ಹಾಳಾಗಿ ಅದರ ತೆಂಗಿನ ತೋಟಗಳು ನೆಲಸಮವಾದುವೆಂದು ಹಳೆಯ ಗೆಜೆಟಿಯರುಗಳು ಹೇಳುತ್ತವೆ. ಹಿರೋಡೆಯೆಂಬ ಊರಿಗೆ, ಅಲ್ಲಿ ಬೀಡುಬಿಟ್ಟಿದ್ದ ಫ್ರೆಂಚರ ದಂಡಿನಿಂದ ಫ್ರೆಂಚ್ ರಾಕ್ಸ್ ಎಂಬ ಹೆಸರು ಬಿದ್ದು ಬಹುಕಾಲ ಉಳಿದು, ಆಮೇಲೆ ಅದು ಪಾಂಡವಪುರವಾಯಿತು. ಪರದೇಶದ ಸಿಪಾಯಿಯ ನೆನಪು ಊರಿನ ಹೆಸರೇ ಆಗಿ ನಿಂತಿತು. ಚಿನಕುರಳಿಯ ಬಯಲಿನಲ್ಲಿ ಬಿದ್ದ ನಾಡಿನ ಸಿಪಾಯಿಯ ಹೆಸರು ಅಲ್ಲಿಯ ದನ ಕಾಯುವ ಹುಡುಗನಿಗೂ ಗೊತ್ತಿಲ್ಲ. ಹಿಂದಿನವರು ನೆಟ್ಟ ವೀರಗಲ್ಲುಗಳ ಗತಿಯಾದರೂ ಏನು? ಬಟ್ಟೆ ಒಗೆಯುವ ಕಲ್ಲಾಗಿ, ಮೋರಿಯ ಚಪ್ಪಡಿಯಾಗಿ, ಹೊಲದ ಬದುವಿನಲ್ಲಿ ಬೋರಲಾಗಿ ಎಷ್ಟೋ ಕಲ್ಲುಗಳು ಬಿದ್ದಿವೆ.

ನೆನಪೇ ಇಲ್ಲವೆಂದರೆ ಮಾತ್ರ ತಪ್ಪಾಗುತ್ತದೆ. ನೆನಪಿದೆ, ಒಡೆದು ಹೋಳಾಗಿದೆ. ೧೭೮೪ನೆಯ ಫೆಬ್ರವರಿಯ ಕೊನೆಯಲ್ಲಿ, ವಿಭೂತಿ ಬುಧವಾರದ ಹೊತ್ತಿಗೆ, ಟಿಪ್ಪುವಿನ ಆಜ್ಞೆಯಿಂದ ಕೆನರಾದ ಕ್ರೈಸ್ತರನ್ನು ಹಿಡಿದು ಘಟ್ಟದ ಮೇಲೆ ನಡೆಸಿ ಶ್ರೀರಂಗಪಟ್ಟಣಕ್ಕೆ ತಂದರು. ಅವರ ಸಂಖ್ಯೆಯನ್ನು ೩೦,೦೦೦ದಿಂದ ೬೦,೦೦೦ದ ವರೆಗೆ ನಾನಾ ವಿಧವಾಗಿ ಹೇಳುತ್ತಾರೆ. ಹಾದಿಯಲ್ಲಿಯೂ ಸೆರೆಯಲ್ಲಿಯೂ ಸತ್ತವರು ಅಸಂಖ್ಯಾತರು. ೧೭೯೯ರ ತರುವಾಯ ಬದುಕಿದವರು ಕರಾವಳಿಗೆ ಮರಳಿದರು. ಆ ಕಥೆಯನ್ನು ಮಂಗಳೂರಿನ ಕಥೋಲಿಕ ಮನೆತನಗಳು ಇಂದಿಗೂ ಮಕ್ಕಳಿಗೆ ಹೇಳುತ್ತವೆ. ಕೊಡಗಿನಿಂದ ಸೆರೆಯಾಗಿ ಬಂದವರ ಕಥೆಯನ್ನು ಕೊಡವರು ಮರೆತಿಲ್ಲ. ಮಂಡಯಂ ಐಯಂಗಾರರಲ್ಲಿ, ತಮ್ಮ ಪೂರ್ವಿಕರು ನೂರಾರು ಮಂದಿ ನರಕಚತುರ್ದಶಿಯಂದು ಟಿಪ್ಪುವಿನ ಆಜ್ಞೆಯಿಂದ ಹತರಾದರೆಂಬ ಪರಂಪರೆಯಿದೆ. ಮೇಲುಕೋಟೆಯ ಮತ್ತು ಇತರ ಕಡೆಗಳ ಎಷ್ಟೋ ಮನೆಗಳಲ್ಲಿ ಅಂದು ದೀಪಾವಳಿಯ ಸಂಭ್ರಮವಿಲ್ಲ. ಅದಕ್ಕೆ ಸಮಕಾಲೀನ ದಾಖಲೆಯ ವಿಷಯದಲ್ಲಿ ಚರಿತ್ರಕಾರರೊಳಗೆ ವಿವಾದವುಂಟು. ಆದರೆ ಊರೆಲ್ಲ ಬೆಳಗುವ ರಾತ್ರಿಯಲ್ಲಿ ತಲೆಮಾರು ತಲೆಮಾರುಗಳಿಂದ ಹಬ್ಬವನ್ನು ಬಿಟ್ಟಿರುವ ಮನೆಯು ಒಂದು ಸ್ಮಾರಕವೇ ಸರಿ. ಇತ್ತ ಗುಂಬಜಿನ ಉರುಸಿನಲ್ಲಿ ಮುಸಲ್ಮಾನರು ಸುಲ್ತಾನನಿಗೆ ಫಾತಿಹಾ ಓದುತ್ತಾರೆ. ಒಂದೇ ದ್ವೀಪದ ಸುತ್ತ ನಾಲ್ಕು ಶೋಕಗಳು. ಒಂದರ ಅಳು ಇನ್ನೊಂದಕ್ಕೆ ಕೇಳಿಸುವುದಿಲ್ಲ. ಕೇಳಿಸಿದರೂ ಅದನ್ನು ತನ್ನ ಮೇಲಿನ ದೂರೆಂದು ಭಾವಿಸಿ ಕಿವಿ ಮುಚ್ಚಿಕೊಳ್ಳುತ್ತದೆ.

ಹಳೆಯ ಹುಣ್ಣನ್ನು ಕೆರೆಯುವುದೇಕೆ ಎಂದು ಕೆಲವು ಸಜ್ಜನರು ಕೇಳಬಹುದು. ಮಾಯದ ಹುಣ್ಣನ್ನು ತೊಳೆದು ಕಟ್ಟುವುದು ಕೆರೆಯುವುದಲ್ಲ. ಇನ್ನೂರು ವರ್ಷ ಮುಚ್ಚಿಟ್ಟದ್ದರಿಂದ ಶಾಂತಿ ದೊರೆತಿದ್ದರೆ ಈ ಮಾತಿಗೆ ಅರ್ಥವಿರುತ್ತಿತ್ತು. ಮಡಿಕೇರಿಯ ಬೀದಿಗಳು ಬೇರೆಯದನ್ನೇ ಹೇಳಿದುವು. ಸಂಖ್ಯೆ ನಿಶ್ಚಯವಿಲ್ಲದೆ ಸ್ಮಾರಕವನ್ನು ಹೇಗೆ ನಿಲ್ಲಿಸುವುದೆಂದು ಇನ್ನು ಕೆಲವರು ಕೇಳಬಹುದು. ೧೯೩೮ನೆಯ ಏಪ್ರಿಲ್ ೨೫ರಂದು ವಿದುರಾಶ್ವತ್ಥದಲ್ಲಿ ಗುಂಡಿಗೆ ಬಲಿಯಾದವರ ಸಂಖ್ಯೆಯನ್ನು ಅಂದಿನ ಸರ್ಕಾರ ಒಂದು ಬಗೆಯಾಗಿ ಹೇಳಿತು, ಜನರು ಅದರ ಮೂರರಷ್ಟು ಹೇಳಿದರು. ಆ ಕಾರಣದಿಂದ ಅಲ್ಲಿಯ ಸ್ಮಾರಕವು ನಿಲ್ಲಲಿಲ್ಲವೇ? ತಿಳಿದದ್ದನ್ನು ತಿಳಿದದ್ದೆಂದು, ಪರಂಪರೆಯನ್ನು ಪರಂಪರೆಯೆಂದು ಬರೆಯುವುದರಲ್ಲಿ ಸುಳ್ಳಿಲ್ಲ. ಉಬ್ಬಿಸಿ ಬರೆಯುವುದರಲ್ಲಿಯೂ ಅಳಿಸಿ ಬರೆಯುವುದರಲ್ಲಿಯೂ ಸುಳ್ಳಿದೆ. ಕೊನೆಯದಾಗಿ, ಇದರಿಂದ ಟಿಪ್ಪುವಿಗೆ ಗೌರವವೋ ಅಗೌರವವೋ ಎಂದು ಕೇಳುವವರುಂಟು. ಈ ಪ್ರಶ್ನೆಯೇ ರೋಗದ ಮೂಲ. ರಾಜನ ಗುಣದೋಷಗಳನ್ನು ಚರಿತ್ರಕಾರನು ವಿಚಾರಿಸಲಿ. ಅದಕ್ಕೆ ಗ್ರಂಥಗಳಿವೆ, ಪಂಡಿತರಿದ್ದಾರೆ. ಕರಾವಳಿಯಿಂದ ನಡೆದು ಬಂದು ಸೆರೆಯಲ್ಲಿ ಸತ್ತ ತಾಯಿಯ ಸ್ಮರಣೆಯಾಗಲಿ, ಕೋಟೆಯ ಒಡಕಿನಲ್ಲಿ ಕತ್ತಿ ಹಿಡಿದು ಬಿದ್ದ ಸಿಪಾಯಿಯ ಸ್ಮರಣೆಯಾಗಲಿ ಆ ತೀರ್ಪಿಗಾಗಿ ಕಾಯಬೇಕಾಗಿಲ್ಲ. ಅವರಿಬ್ಬರೂ ಒಂದೇ ಮಣ್ಣಿನಲ್ಲಿದ್ದಾರೆ. ಮಣ್ಣು ಪಕ್ಷವನ್ನು ಕೇಳಲಿಲ್ಲ.

ಇನ್ನೊಂದು ಸಂಗತಿಯನ್ನು ವಾಚಕರು ಆಲೋಚಿಸಬೇಕು. ೧೯೧೮ನೆಯ ಸೆಪ್ಟೆಂಬರ್ ೨೩ರಂದು ಮೈಸೂರು ಲ್ಯಾನ್ಸರ್ಸ್ ಎಂಬ ಅಶ್ವದಳವು ಜೋಧಪುರದ ರಾವುತರೊಡನೆ ಕೂಡಿ ತುರ್ಕರಿಂದ ಹೈಫಾ ಪಟ್ಟಣವನ್ನು ಗೆದ್ದಿತು. ಹೈಫಾ ಈಗ ಇಸ್ರೇಲ್ ದೇಶದಲ್ಲಿದೆ. ನಾಜಿಗಳ ಕೈಯಿಂದ ಉಳಿದುಬಂದ ಎಷ್ಟೋ ಯೆಹೂದ್ಯರು ನೆಲೆ ಕಂಡ ದೇಶ ಅದು. ಆ ಪಟ್ಟಣದ ಭಾರತೀಯ ಸೈನಿಕರ ರುದ್ರಭೂಮಿಯಲ್ಲಿ ಪ್ರತಿ ಸೆಪ್ಟೆಂಬರಿನಲ್ಲಿಯೂ ಭಾರತದ ಪ್ರತಿನಿಧಿಗಳೂ ಊರಿನವರೂ ಕೂಡಿ ಮಾಲೆಯನ್ನಿಡುತ್ತಾರೆ. ಮೈಸೂರಿನ ರಾವುತನಿಗೆ ಸಮುದ್ರದಾಚೆ ಮರ್ಯಾದೆ. ಮೈಸೂರಿನ ಕಾಲಾಳಿಗೆ ಅವನ ರಾಜಧಾನಿಯಲ್ಲಿಯೇ ಮರೆವು!

ಆಗಬೇಕ್ಕಾದ್ದೇನು? ಕೋಟಿ ರೂಪಾಯಿಗಳ ವಿಗ್ರಹವಲ್ಲ, ಮಂತ್ರಿಗಳ ಭಾಷಣವಲ್ಲ. ಕೋಟೆಯ ಒಡಕಿನ ಬಳಿ ಕನ್ನಡದಲ್ಲಿ ಬರೆದ ಒಂದು ಕಲ್ಲು; ಅದರಲ್ಲಿ ಮೈಸೂರಿನ ಕಡೆಯಲ್ಲಿ ಮಡಿದ ಎಲ್ಲ ಮತದವರ ಸ್ಮರಣೆ. ಅದರ ಬದಿಯಲ್ಲಿಯೇ, ಮರೆಮಾಚದೆ, ಈ ದ್ವೀಪದಲ್ಲಿ ಸೆರೆಯಾಗಿ ಸತ್ತ ಕರಾವಳಿಯವರ, ಕೊಡಗಿನವರ, ಇತರರ ಸ್ಮರಣೆಗೆ ಇನ್ನೊಂದು ಕಲ್ಲು. ಚಿನಕುರಳಿಯ ಬಯಲಿನಲ್ಲಿ ಒಂದು, ನಾಗಮಂಗಲದಲ್ಲಿ ಒಂದು. ಮಣ್ಣನ್ನು ಅಗೆದು ಎಲುಬುಗಳನ್ನು ಹುಡುಕಬೇಕಾಗಿಲ್ಲ. ಮೃತರ ನಿದ್ರೆಯನ್ನು ಕದಡಬಾರದೆಂಬುದು ಯೆಹೂದ್ಯರ ಧರ್ಮವೂ ಹೌದು, ಎಲ್ಲರ ಧರ್ಮವೂ ಹೌದು. ನಾಲ್ಕು ತಾಲ್ಲೂಕುಗಳ ಶಾಲೆಗಳ ಉಪಾಧ್ಯಾಯರು ಮಕ್ಕಳನ್ನು ಕೂಡಿಕೊಂಡು ಬಿದ್ದ ವೀರಗಲ್ಲುಗಳನ್ನು ಎತ್ತಿ ನಿಲ್ಲಿಸಲಿ. ರೀಗಾದ ಗೃಹಸ್ಥರಿಗೆ ಸಲಿಕೆಗಳನ್ನು ಕೊಟ್ಟ ಸರ್ಕಾರ ಯಾವುದೂ ಇರಲಿಲ್ಲ. ಮನೆಮನೆಯ ಹಿರಿಯರು ಹೇಳುವ ಕಥೆಗಳನ್ನು, ದಾಯಾದಿಗಳ ವಂಶಾವಳಿಗಳನ್ನು, ಹಬ್ಬವನ್ನು ಬಿಟ್ಟ ಕಾರಣಗಳನ್ನು, ಹಾಳೂರುಗಳ ಹೆಸರುಗಳನ್ನು ಬರೆದು ಊರಿಗೊಂದು ಸ್ಮರಣಗ್ರಂಥವನ್ನು ಸಾಹಿತ್ಯ ಸಂಘಗಳು ಸಿದ್ಧಪಡಿಸಲಿ. ಅಜ್ಜಿಯೊಬ್ಬಳು ತೀರಿಕೊಂಡರೆ ಆ ಪುಸ್ತಕದ ಒಂದು ಪುಟ ಹೋಯಿತೆಂದು ತಿಳಿಯಬೇಕು. ಪ್ರತಿ ವರ್ಷ ಮೇ ೪ರಂದು ಮಂಗಳೂರಿನವರೂ ಕೊಡಗಿನವರೂ ಮೇಲುಕೋಟೆಯವರೂ ಗಂಜಾಮಿನವರೂ ಒಂದೇ ಕಡೆ ಸೇರಿ, ಭಾಷಣವಿಲ್ಲದೆ, ಒಂದೊಂದು ಕಲ್ಲನ್ನಿಟ್ಟು, ಒಂದೊಂದು ದೀಪವನ್ನು ಹಚ್ಚಿ ಹೋಗಲಿ.

ಯೆಹೂದ್ಯರು ಹತ್ತು ಜನ ಕೂಡದೆ ಪ್ರಾರ್ಥನೆಯನ್ನು ಹೇಳುವುದಿಲ್ಲ. ಶ್ರೀರಂಗಪಟ್ಟಣದ ಮೃತರಿಗಾಗಿ ಇದುವರೆಗೆ ಒಂದೊಂದು ಮತದವರು, ಒಂದೊಂದು ಪಕ್ಷದವರು ಬೇರೆಬೇರೆಯಾಗಿ ಅತ್ತದ್ದಾಯಿತು. ಹತ್ತು ಜನ ಇನ್ನೂ ಕೂಡಿಲ್ಲ. ಕೂಡುವ ವರೆಗೆ ಪಶ್ಚಿಮವಾಹಿನಿಯಲ್ಲಿ ಬಿಡುವ ಎಳ್ಳುನೀರು ಸ್ವಂತ ಮನೆಯ ಋಣವನ್ನು ತೀರಿಸೀತು. ನಾಡಿನ ಋಣವು ಹಾಗೆಯೇ ನಿಂತಿರುತ್ತದೆ.